ಕಿವಿಯೊಳಗಿನ ಹೂಬತ್ತಿ

ಸಮಿತಿ ಎಂಬ ಮಾತು ಬಿದ್ದರೆ ಸಾಕು, ಗುರುಶಾಂತಪ್ಪನವರ ಕೈ ತಾನಾಗಿ ಎದೆಯ ಜೇಬಿನ ಪೆನ್ನನ್ನು ತಡಕುತ್ತಿತ್ತು. ವಿದ್ಯುತ್ ಮಂಡಳಿಯಿಂದ ನಿವೃತ್ತರಾದ ಮೇಲೆ ಹೊಸಕೆರೆಹಳ್ಳಿಯ ಅವರ ಬಡಾವಣೆಯಲ್ಲಿ ಅವರಿಲ್ಲದ ಸಮಿತಿಯೇ ಹುಟ್ಟಲಿಲ್ಲ. ಪಾರ್ಕಿನ ಸಮಿತಿ, ಬಸವ ಜಯಂತಿಯ ಸಮಿತಿ, ಬೀದಿನಾಯಿಗಳ ಬಗ್ಗೆ ಪಾಲಿಕೆಗೆ ಅರ್ಜಿ ಕೊಡುವ ಸಮಿತಿ, ಎಲ್ಲದರಲ್ಲೂ ಅವರಿದ್ದರು. ಹಾಗಾಗಿ ಊಟಕ್ಕೆ ಕೂತಾಗ ಸೊಸೆ ಜ್ಯೋತ್ಸ್ನಾ ಮೊಬೈಲ್ ನೋಡುತ್ತ, "ಸೆಂಟರ್‌ನಿಂದ ಮೆಸೇಜ್ ಬಂದಿದೆ, ಪೋಷಕರ ಸಲಹಾ ಸಮಿತಿ ಮಾಡ್ತಾರಂತೆ" ಎಂದಾಗ, ಮುದ್ದೆ ಮುರಿಯುತ್ತಿದ್ದ ಗುರುಶಾಂತಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಗಂಟೆಗೆ?"

"ಶನಿವಾರ ಹನ್ನೊಂದಕ್ಕೆ, ಮಾವ. ಆದ್ರೆ ಅದು..."

"ಬರ್ತೀನಿ ಅಂತ ಹಾಕ್ಬಿಡು."

ಕರೆ ಬಂದಿದ್ದು ಜ್ಯೋತ್ಸ್ನಾಳಿಗೆ. ಮಗಳನ್ನು ಜಯನಗರದ ಆ ಮಕ್ಕಳ ಕೌನ್ಸೆಲಿಂಗ್ ಸೆಂಟರಿಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳು. ಆದರೆ ಮೇಜಿನ ಸುತ್ತ ಕೂತ ಯಾರಿಗೂ ಮಾವನ ಮಾತು ವಿಚಿತ್ರವೆನಿಸಲಿಲ್ಲ. ಗಂಡ ಶಿವರಾಜ್ ಸಾರು ಬಡಿಸಿಕೊಂಡ. ಅತ್ತೆ ಕಮಲಾದೇವಿ, "ಇಸ್ತ್ರಿ ಮಾಡಿದ ಬಿಳಿ ಶರ್ಟು ಬೀರುವಿನ ಬಲಗಡೆ ಇದೆ" ಎಂದರು. ಜ್ಯೋತ್ಸ್ನಾಳಿಗೂ ಒಳಗೊಳಗೇ ನಿರಾಳವಾಯಿತು. ಬೊಮ್ಮನಹಳ್ಳಿಯ ಗಾರ್ಮೆಂಟ್ ಘಟಕದ ಅಕೌಂಟ್ಸ್ ವಿಭಾಗದಲ್ಲಿ ಶನಿವಾರ ರಜೆ ಕೇಳುವುದೆಂದರೆ ಹಾವಿನ ಹುತ್ತಕ್ಕೆ ಕೈ ಹಾಕಿದ ಹಾಗೆ.

ಮಗಳು ಮೇಘಶ್ರೀಗೆ ಎಂಟು ವರ್ಷ. ಚೆನ್ನಾಗಿ ಓದುತ್ತಿದ್ದಳು, ಚೆನ್ನಾಗಿ ಮಾತಾಡುತ್ತಿದ್ದಳು. ಆದರೆ ಯಾವುದೋ ಒಂದು ಸಣ್ಣದು ತಪ್ಪಿದರೆ ಮುಗಿಯಿತು. ಮೊಸರನ್ನಕ್ಕೆ ಸಾರು ತಗುಲಿದರೆ, ಶಾಲೆಯಿಂದ ಬರುವಾಗ ದಿನದ ದಾರಿ ಬಿಟ್ಟು ಬೇರೆ ದಾರಿ ಹಿಡಿದರೆ, ನೆಲಕ್ಕೆ ಬಿದ್ದು ಮನೆ ಕಿತ್ತುಹೋಗುವಂತೆ ಕಿರುಚುತ್ತಿದ್ದಳು, ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದಳು. ತರಗತಿಯಲ್ಲಿ ಕಂಪಾಸ್ ಬಾಕ್ಸ್ ಎಸೆದು ಒಬ್ಬ ಹುಡುಗನ ಹುಬ್ಬು ಸೀಳಿದ ಮೇಲೆ ಶಾಲೆಯವರು, "ಯಾರಿಗಾದ್ರೂ ತೋರಿಸಿ" ಎಂದು ಹೇಳಿ ಕಳಿಸಿದ್ದರು.

ಸೆಂಟರಿನ ಹೊಸ ಕೌನ್ಸೆಲರ್ ವಸಿಷ್ಠ ಒಳ್ಳೆಯ ಹುಡುಗನೇ. ಮಗುವಿನ ಜೊತೆ ನೆಲದ ಮೇಲೆ ಕೂತು ಮಾತಾಡುತ್ತಿದ್ದ. "ಕೋಪ ಬಂದಾಗ ಗಲಾಟೆ ಇಲ್ಲದ ಒಂದು ಜಾಗದಲ್ಲಿ ಸ್ವಲ್ಪ ಹೊತ್ತು ಕೂರಿಸಿ. ಅಲ್ಲಿ ಟೀವಿ, ಆಟದ ಸಾಮಾನು ಏನೂ ಇರಬಾರದು" ಎಂದು ಅವನು ಹೇಳಿದ್ದ. ಹಾಲಿನಲ್ಲಿ ಟೀವಿ ಇತ್ತು. ಒಂದು ಕೋಣೆಯಲ್ಲಿ ಅತ್ತೆ ಮಾವ, ಇನ್ನೊಂದರಲ್ಲಿ ಶಿವರಾಜನ ಅಂಗಡಿಯ ಪೈಪು, ನಲ್ಲಿಗಳ ಸ್ಯಾಂಪಲ್ಲುಗಳು. ಮನೆಯಲ್ಲಿ ಗಲಾಟೆ ಇಲ್ಲದ ಜಾಗ ಯಾವುದು ಎಂದು ಯೋಚಿಸುವ ಕಷ್ಟವನ್ನು ಗುರುಶಾಂತಪ್ಪ ಯಾರಿಗೂ ಕೊಡಲಿಲ್ಲ.

"ದೇವರ ಮನೆ ಇಲ್ವಾ? ಅದಕ್ಕಿಂತ ಶಾಂತಿ ಎಲ್ಲಿದೆ?"

ದೇವರ ಮನೆ ಎಂದರೆ ಇಬ್ಬರು ಕೂತರೆ ಮೂರನೆಯವರು ನಿಲ್ಲಲಾಗದ ಕೋಣೆ. ಕಿಟಕಿ ಇಲ್ಲ. ಎದುರಿಗೆ ಬಸವಣ್ಣನ ಪಟ, ಅದರ ಪಕ್ಕದಲ್ಲಿ ಮನೆದೇವರು ವೀರಭದ್ರನ ಬೆಳ್ಳಿಯ ಮುಖ. ತಿರುಚಿದ ಮೀಸೆ, ಅಗಲ ತೆರೆದ ಕಣ್ಣು. ಅಲ್ಲೇ ಗುರುಶಾಂತಪ್ಪ ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡುತ್ತಿದ್ದರು. ಮೇಘಾ ಕಿರುಚತೊಡಗಿದರೆ ಅವರು ರಟ್ಟೆ ಹಿಡಿದು, ನೋಯಿಸದ ಹಾಗೆಯೇ, ಒಳಗೆ ಕೂರಿಸಿ, ಬಾಗಿಲು ಮುಂದೆ ಮಾಡಿ ಚಿಲಕ ಹಾಕುತ್ತಿದ್ದರು. ಹತ್ತು ನಿಮಿಷಕ್ಕೆಲ್ಲ ಸದ್ದು ಅಡಗುತ್ತಿತ್ತು. ಹೊರಗೆ ಬಂದ ಮಗು ಕೊಟ್ಟಿದ್ದನ್ನು ತಿಂದು ಮಲಗುತ್ತಿತ್ತು. ಮಹಡಿ ಮನೆಯ ಬಾಡಿಗೆಯವರು ಕೂಡ, "ಪಾಪು ಈಗ ಎಷ್ಟೋ ವಾಸಿ ಅಲ್ವಾ ಆಂಟಿ" ಎಂದಿದ್ದರು.

ಮೊದಲ ಸಭೆ ಮುಗಿಸಿ ಬಂದ ಗುರುಶಾಂತಪ್ಪ ಶಲ್ಯ ಮಡಿಸುತ್ತಲೇ ವರದಿ ಒಪ್ಪಿಸಿದರು.

"ಅಧ್ಯಕ್ಷರಿಲ್ಲ, ಖಜಾಂಚಿ ಇಲ್ಲ. ಎಲ್ಲಾರೂ ರೌಂಡಾಗಿ ಕೂತ್ಕೋಬೇಕಂತೆ. ಅಧ್ಯಕ್ಷರಿಲ್ದೆ ಅದೆಂಥ ಸಮಿತಿ ಮೇಡಂ ಅಂದೆ. ಆ ಡಾಕ್ಟ್ರು ವಿಭಾ ನಕ್ಬಿಟ್ರು."

"ಬಿಸ್ಕತ್ತು ಕೊಟ್ರಾ?" ಎಂದರು ಕಮಲಾದೇವಿ.

"ಬಿಸ್ಕತ್ತು ಬಿಡೇ, ವಿಷಯ ಕೇಳು. ಹೊಸದಾಗಿ ಸೇರೋ ಕೌನ್ಸೆಲರ್‌ಗಳಿಗೆ ಟ್ರೈನಿಂಗ್ ಇದೆ. ಪುಸ್ತಕ ಓದಿದ್ರೆ ಸಾಲ್ದು, ಮನೆಗಳಲ್ಲಿ ಏನ್ ನಡೆಯುತ್ತೆ ಅಂತ ನಮ್ಮಂಥೋರು ಹೇಳ್ಕೊಡ್ಬೇಕಂತೆ. ನಾನು ದೇವರ ಮನೆ ವಿಚಾರ ಹೇಳ್ದೆ. ಡಾಕ್ಟ್ರು ಬರ್ಕೊಂಡ್ರು. ಮುಂದಿನ ತಿಂಗಳು ಟ್ರೈನಿಂಗಲ್ಲಿ ನೀವೇ ಬಂದು ಹೇಳಿ ಸಾರ್ ಅಂದ್ರು. ಜನ ಅವರವರ ಪದ್ಧತಿಯೊಳಗೇ ದಾರಿ ಹುಡುಕ್ಕೊಂಡಿದ್ದಕ್ಕೆ ಒಳ್ಳೇ ಉದಾಹರಣೆ ಅಂತೆ."

"ನೋಡಿದ್ಯಾ?" ಎಂದು ಶಿವರಾಜ್ ಹೆಂಡತಿಯ ಕಡೆ ತಿರುಗಿದ. "ಅಪ್ಪಾಜಿ ಪಾಠ ಆಗ್ಬಿಟ್ರು."

ಮನೆಯಲ್ಲಿ ಎಲ್ಲರೂ ನಕ್ಕರು. ಜ್ಯೋತ್ಸ್ನಾಳೂ ನಕ್ಕಳು.

ಆ ವಾರವೆಲ್ಲ ಕಮಲಾದೇವಿಗೆ ಬೇರೆಯೇ ಚಿಂತೆ. ಮಧ್ಯಾಹ್ನ ಧಾರಾವಾಹಿ ನೋಡುತ್ತ ಹತ್ತಿ ಹೊಸೆದು ಹೂಬತ್ತಿ ಮಾಡಿ ದೇವರ ಮನೆಯ ಬಟ್ಟಲಲ್ಲಿ ತುಂಬಿಡುವುದು ಅವರ ಅಭ್ಯಾಸ. ಬಟ್ಟಲು ಬೇಗ ಬೇಗ ಖಾಲಿಯಾಗುತ್ತಿತ್ತು.

"ಇಲಿ ಬಂದಿದ್ಯೇನೋ ಕಣೇ, ಬತ್ತಿ ಎಳ್ಕೊಂಡ್ ಹೋಗ್ತಿದೆ."

"ಇಲಿ ಬತ್ತಿ ತಿನ್ನುತ್ತಾ ಅತ್ತೆ?"

"ಬೆಂಗಳೂರಿನ ಇಲಿ. ಏನು ಬೇಕಾದ್ರೂ ತಿನ್ನುತ್ತೆ."

ಇಲಿ ಸಿಕ್ಕಿದ್ದು ಭಾನುವಾರ, ಬಚ್ಚಲು ಮನೆಯಲ್ಲಿ. ಮಗಳ ತಲೆಗೆ ಎಣ್ಣೆ ಒತ್ತಿ, ಸೀಗೆಪುಡಿ ಹಚ್ಚಿ, ಕಿವಿ ಒರೆಸಲು ಹೋದ ಜ್ಯೋತ್ಸ್ನಾಳ ಬೆರಳಿಗೆ ಮೆತ್ತಗೆ ಏನೋ ತಾಗಿತು. ಎಳೆದಳು. ಹೂಬತ್ತಿಯ ಬುಡ. ಮಗು ಕೀಳುವಾಗ ತುದಿ ಹರಿದು, ಇದಷ್ಟು ಒಳಗೇ ಉಳಿದಿತ್ತು. ಇನ್ನೊಂದು ಕಿವಿಯಲ್ಲೂ ಒಂದು ಚೂರು.

"ಇದ್ಯಾಕೆ ಪುಟ್ಟಿ?"

ಮೇಘಾ ಮಗ್ಗಿನಲ್ಲಿ ನೀರು ತುಂಬಿ ಚೆಲ್ಲುತ್ತ, ತೀರ ಸಾಮಾನ್ಯ ವಿಷಯವೆಂಬಂತೆ ಹೇಳಿದಳು. "ತಾತ ಹೇಳ್ತಾರಲ್ಲ, ಸುಮ್ನೆ ಕೂತ್ಕೊಂಡು ಕೇಳು, ದೇವರು ನಿಂಗೆ ಏನೋ ಹೇಳ್ತಾನೆ ಅಂತ. ಆ ಮೀಸೆ ದೇವರು ಮಾತಾಡಿದ್ರೆ? ಅದಕ್ಕೇ ಹಾಕ್ಕೋತೀನಿ. ಕಿರ್ಚಿದ್ರೆ ಅವನಿಗೆ ಎಚ್ಚರ ಆಗುತ್ತೆ. ಅದಕ್ಕೇ ಕಿರ್ಚಲ್ಲ."

ಜ್ಯೋತ್ಸ್ನಾ ನೀರು ಹೊಯ್ಯುವುದನ್ನೇ ಮರೆತಳು. "ಅಮ್ಮಾ, ಕಣ್ಣು ಉರೀತಿದೆ" ಎಂದು ಮಗು ಹೇಳಿದ ಮೇಲೆ ಮತ್ತೆ ಹೊಯ್ದಳು.

ಸಂಜೆ ಶಿವರಾಜ್ ಸ್ಯಾಂಪಲ್ ನಲ್ಲಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಅವಳು ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡ.

"ಸರಿ, ಅಪ್ಪಾಜಿಗೆ ನಾನು ಹೇಳ್ತೀನಿ. ನೀನು ಬಾಯಿ ಹಾಕ್ಬೇಡ."

"ಯಾವಾಗ ಹೇಳ್ತೀರಿ?"

"ಹೇಳ್ತೀನಿ ಅಂದ್ನಲ್ಲ. ಸಮಯ ನೋಡಿ ಹೇಳ್ಬೇಕು. ಈಗಷ್ಟೇ ಖುಷಿಯಾಗಿದಾರೆ."

ಸಮಯ ಬರಲಿಲ್ಲ. ಯಡಿಯೂರಿನ ಅಂಗಡಿಗೆ ಒಂದು ದಿನ ಲೋಡು ಬಂತು, ಒಂದು ದಿನ ತೆರಿಗೆಯವರು ಬಂದರು. ಒಮ್ಮೆ ಅಪ್ಪನ ಎದುರು ಕೂತು, "ಅಪ್ಪಾಜಿ, ಮಕ್ಕಳಿಗೆ ಎಲ್ಲಾ ಒಂದೇ ಥರ ಸರಿಹೋಗಲ್ಲ ಅಲ್ವಾ" ಎಂದು ಶುರು ಮಾಡಿ, "ಮಳೆ ಬರೋ ಹಾಗಿದೆ" ಎಂದು ಮುಗಿಸಿದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಶಿವರಾಜನ ಕೈ ಪಳಗಿತ್ತು.

ಜ್ಯೋತ್ಸ್ನಾ ಅತ್ತೆಯ ಬಳಿ ಹೋದಳು. ಕಮಲಾದೇವಿ ರೊಟ್ಟಿ ತಟ್ಟುತ್ತಿದ್ದರು. ಬತ್ತಿಯ ಕಥೆ ಕೇಳಿ ಕೈ ನಿಂತಿತು, ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

"ಅಯ್ಯೋ ಶಿವನೇ. ನಾನು ಇಲಿ ಪಾಷಾಣ ತರಿಸಿದ್ನಲ್ಲೇ."

"ನೀವು ಹೇಳಿ ಅತ್ತೆ ಮಾವಂಗೆ."

"ನಾನಾ? ಈ ಮನೆಗೆ ಬಂದಾಗಿಂದ ಅವರಿಗೆ ಎದುರು ಮಾತಾಡಿರೋದು ಉಪ್ಪು ಕಮ್ಮಿ ಅಂದಾಗ ಮಾತ್ರ." ಸೀದ ರೊಟ್ಟಿಯನ್ನು ಪಕ್ಕಕ್ಕಿಟ್ಟು ಅವರು ದನಿ ತಗ್ಗಿಸಿದರು. "ನೋಡು, ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಬೆಳಿಗ್ಗೆ ಹೋದ್ರೆ ಬರೋದು ದೀಪ ಹಚ್ಚಿದ ಮೇಲೆ. ಮಗೂನ ಸ್ಕೂಲಿಂದ ಕರ್ಕೊಂಡ್ ಬರೋದು ಅವ್ರು. ಸಾಯಂಕಾಲದವರೆಗೂ ತಡ್ಕೊಳ್ಳೋದು ನಾವು. ಅವ್ರು ಮುನಿಸ್ಕೊಂಡು, ನಿನ್ನ ಮಗಳನ್ನ ನೀನೇ ನೋಡ್ಕೋ ಅಂದ್ಬಿಟ್ರೆ? ಕೆಲ್ಸ ಬಿಡ್ತೀಯಾ?"

ಜ್ಯೋತ್ಸ್ನಾ ಸೀದ ರೊಟ್ಟಿಯನ್ನು ಕಸದ ಬುಟ್ಟಿಗೆ ಹಾಕಿ ಹೊರಗೆ ಬಂದಳು. ಆದರೂ ಒಮ್ಮೆ, ಮಾವ ಪೇಪರ್ ಓದುತ್ತಿದ್ದಾಗ ಕಾಫಿ ಕೊಟ್ಟು ನಿಂತಳು.

"ಮಾವ, ಮೇಘಾಗೆ ದೇವರ ಮನೇಲಿ ಭಯ ಆಗುತ್ತೆ ಅನ್ಸುತ್ತೆ."

"ಭಯವಾ? ಲಿಂಗ ಇರೋ ಕಡೆ ಭಯ ಹೋಗುತ್ತಮ್ಮ, ಬರಲ್ಲ. ಸುಮ್ನಾಗ್ತಾಳೋ ಇಲ್ವೋ?"

"ಆಗ್ತಾಳೆ."

"ಮತ್ತೆ?"

ಪೇಪರ್ ಮತ್ತೆ ಮೇಲೇರಿತು.

ಅವಳು ಚಿಲಕವನ್ನೇ ಕಿತ್ತುಹಾಕುವ ಯೋಚನೆ ಮಾಡಿದಳು. ಮನೆಯಲ್ಲಿ ಸ್ಕ್ರೂಡ್ರೈವರಿಗೇನು ಬರವಿರಲಿಲ್ಲ. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಈಗ ತನ್ನ ಮನೆಯ ಚಿಲಕವೊಂದೇ ಅಲ್ಲ. ಟ್ರೈನಿಂಗ್ ಮುಗಿಸಿದ ಹುಡುಗ ಹುಡುಗಿಯರು ಜೆ.ಪಿ. ನಗರ, ಬಿಟಿಎಂ ಎಂದು ಮನೆಮನೆಗೆ ಹೋಗಿ, "ನಿಮ್ಮಲ್ಲಿ ದೇವರ ಮನೆ ಇದೆಯಾ?" ಎಂದು ಕೇಳುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತೇ ಇದ್ದಾಗ ಇಂಥವೆಲ್ಲ ಕಟ್ಟಲು ಬೇಕಾದಷ್ಟು ಹೊತ್ತು ಇರುತ್ತಿತ್ತು.

ಟ್ರೈನಿಂಗಿನ ಶನಿವಾರ ಅವಳು ರಜೆ ಹಾಕಿದಳು.

"ನಾನೂ ಬರ್ತೀನಿ ಮಾವ."

ಗುರುಶಾಂತಪ್ಪನವರ ಮುಖ ಅರಳಿತು. ತಮ್ಮ ಮಾತು ಕೇಳಲು ಸೊಸೆ ಸಂಬಳ ಕತ್ತರಿಸಿಕೊಂಡು ಬರುತ್ತಿದ್ದಾಳೆ ಎಂದುಕೊಂಡರು. ಆಟೋದಲ್ಲಿ ದಾರಿಯುದ್ದಕ್ಕೂ ಭಾಷಣ ಒಪ್ಪಿಸಿದರು. "ಮೊದಲು ಒಂದು ವಚನ ಹೇಳ್ಲಾ, ಕೊನೇಲಿ ಹೇಳ್ಲಾ?" ಎಂದು ಕೇಳಿದರು. "ಹೇಗೆ ಬೇಕಾದ್ರೂ, ಮಾವ" ಎಂದು ಜ್ಯೋತ್ಸ್ನಾ ರಸ್ತೆಯ ಕಡೆ ತಿರುಗಿಕೊಂಡಳು. ಮನುಷ್ಯ ಕೆಟ್ಟವನಾಗಿದ್ದರೆ ಕೆಲಸ ಸುಲಭವಿತ್ತು.

ಸೆಂಟರಿನ ಹಾಲಿನಲ್ಲಿ ಕುರ್ಚಿಗಳನ್ನು ರೌಂಡಾಗಿ ಹಾಕಿದ್ದರು. ಹೊಸ ಕೌನ್ಸೆಲರ್‌ಗಳು, ವಸಿಷ್ಠ, ಡಾಕ್ಟರ್ ವಿಭಾ, ಮತ್ತೆ ಒಂದಿಬ್ಬರು ಪೋಷಕರು. ಅವರಲ್ಲಿ ಲತಾಮಣಿ ಎಂಬಾಕೆ ಬಿಟಿಎಂನಿಂದ ಬರುತ್ತಿದ್ದಳು, ಎರಡು ಗಂಡುಮಕ್ಕಳ ತಾಯಿ, ಎದುರಿಗೆ ಯಾರಿದ್ದರೂ ನಾಲಿಗೆಗೆ ತಡೆ ಇಲ್ಲದವಳು.

ಗುರುಶಾಂತಪ್ಪ ವಚನವನ್ನು ಮೊದಲೇ ಹೇಳಿದರು. ಆಮೇಲೆ ಮೊಮ್ಮಗಳ ಕೋಪ, ದೇವರ ಮನೆ, ಹತ್ತು ನಿಮಿಷದ ಶಾಂತಿ. ಚೆನ್ನಾಗಿಯೇ ಮಾತಾಡಿದರು. ಹೊಸಬರು ಬರೆದುಕೊಂಡರು. ಕನ್ನಡಕದ ಒಬ್ಬ ಹುಡುಗಿ ಮಾತ್ರ ಪೆನ್ನು ನಿಲ್ಲಿಸಿ ಕೇಳಿದಳು.

"ಸಾರ್, ಒಳಗೆ ಮಗು ಏನ್ ಮಾಡ್ತಿರುತ್ತೆ?"

"ಏನ್ ಮಾಡುತ್ತಮ್ಮ? ಕೂತಿರುತ್ತೆ." ಅವರು ಸೊಸೆಯ ಕಡೆ ಕೈ ತೋರಿಸಿದರು. "ಬೇಕಾದ್ರೆ ತಾಯೀನೇ ಕೇಳಿ. ಹೇಳಮ್ಮ ಜ್ಯೋತ್ಸ್ನಾ."

ಎಲ್ಲರೂ ಅವಳತ್ತ ತಿರುಗಿದರು. ಜ್ಯೋತ್ಸ್ನಾ ಎದ್ದು ನಿಂತಳು, ಅಲ್ಲಿ ಯಾರೂ ಎದ್ದು ನಿಂತು ಮಾತಾಡುತ್ತಿರಲಿಲ್ಲ ಎಂಬುದನ್ನು ಮರೆತು.

"ಕಿವಿಗೆ ಬತ್ತಿ ತುರುಕ್ಕೊಂಡು ಕೂತಿರ್ತಾಳೆ" ಎಂದಳು. "ದೀಪಕ್ಕೆ ಹಾಕೋ ಹೂಬತ್ತಿ. ಎರಡೂ ಕಿವಿಗೆ. ಒಳಗೆ ವೀರಭದ್ರ ದೇವರ ಮುಖ ಇದೆ. ಅದು ಮಾತಾಡುತ್ತೆ ಅಂದ್ಕೊಂಡಿದಾಳೆ. ಕಿರ್ಚಿದ್ರೆ ಅದಕ್ಕೆ ಎಚ್ಚರ ಆಗುತ್ತೆ ಅಂತ ಸುಮ್ನಿರ್ತಾಳೆ. ಅವಳು ಶಾಂತವಾಗಲ್ಲ ಮೇಡಂ. ಹೆದರ್ಕೊಂಡು ಸುಮ್ನಿರ್ತಾಳೆ. ಹೊರಗೆ ಇರೋ ನಮಗೆ ಎರಡೂ ಒಂದೇ ಥರ ಕೇಳ್ಸುತ್ತೆ."

ವಸಿಷ್ಠನ ಕಿವಿ ಕೆಂಪಾಯಿತು.

"ನಾನು... ಬಾಗಿಲು ಹಾಕಿ ಅಂತ ಹೇಳಿರ್ಲಿಲ್ಲ" ಎಂದ ಅವನು.

"ತೆಗೆದಿಡಿ ಅಂತಾನೂ ಹೇಳಿರಲ್ಲ ಬಿಡಪ್ಪ" ಎಂದಳು ಲತಾಮಣಿ. "ನಮ್ಮನೇಲಿ ಇರೋದೇ ಒಂದು ರೂಮು. ನಂಗೂ ಒಬ್ರು ಹೀಗೇ ಅಂದ್ರು. ದೊಡ್ಡೋನನ್ನ ಬಚ್ಚಲಲ್ಲಿ ಕೂರಿಸ್ದೆ. ಈಗ ಸ್ನಾನ ಅಂದ್ರೆ ಓಡ್ತಾನೆ."

ವಿಭಾ ಯಾರನ್ನೂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೋದ ತಿಂಗಳು ಈ ಪ್ರಶ್ನೆ ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ" ಎಂದರು. ಆಮೇಲೆ ಜ್ಯೋತ್ಸ್ನಾಳ ಕಡೆ ನೋಡಿದರು. "ಇವರು ನಾಳೆ ಇನ್ನೊಂದು ಮನೆಗೆ ಹೋಗ್ತಾರೆ. ಹೋಗಿ ಏನು ಕೇಳ್ಬೇಕು, ನೀವು ಹೇಳಿ."

"ಮನೇಲಿ ಎಷ್ಟು ರೂಮಿದೆ, ಯಾವ ರೂಮಲ್ಲಿ ಏನಿದೆ ಅಂತ ಕೇಳ್ಲಿ. ಮಗೂನ ಕೂರಿಸೋದು ಯಾರು ಅಂತ ಕೇಳ್ಲಿ. ಅವರ್ನೂ ಕರೆಸಿ ಮಾತಾಡ್ಲಿ. ನನ್ನೊಬ್ಳಿಗೆ ಹೇಳಿ ಕಳ್ಸಿದ್ರೆ, ನಾನು ಮನೇಲೇ ಇರಲ್ಲ." ಕೂರಲು ಹೋದವಳು ಮತ್ತೆ ನೆಟ್ಟಗಾದಳು. "ಕೊನೇಗೆ ಮಗೂನೂ ಕೇಳ್ಲಿ."

ಅಷ್ಟು ಹೊತ್ತೂ ಅವಳು ಮಾವನ ಮುಖ ನೋಡಿರಲಿಲ್ಲ. ಈಗ ನೋಡಿದಳು. ಗುರುಶಾಂತಪ್ಪ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು, ಎದುರಿನ ಗೋಡೆಯನ್ನು ನೋಡುತ್ತಿದ್ದರು. ಎದ್ದು ಹೋಗುತ್ತಾರೆ ಎಂದುಕೊಂಡಳು. ಅವರು ಕೆಮ್ಮಿದರು.

"ಮೇಡಂ, ಹಿಂದಿನ ಸಭೆಯ ನಡಾವಳಿ ಬರೆದಿದೀರಾ?"

"ಬರೆದಿದೀವಿ ಸಾರ್."

"ಅದರಲ್ಲಿ ನಾನು ಹೇಳಿದ್ದನ್ನ ತೆಗೆದುಹಾಕಿ. ಪೂರ್ತಿ ವಿಷಯ ಗೊತ್ತಿಲ್ದೆ ಹೇಳಿದ್ದು ಅಂತ ಬರ್ಕೊಳ್ಳಿ."

ಅಷ್ಟೇ. ಆಮೇಲೆ ಬಂದ ಚಹಾವನ್ನು ಅವರು ಮುಟ್ಟಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಇಬ್ಬರ ನಡುವೆ ಶಲ್ಯದ ಚೀಲ ಕೂತಿತ್ತು.

ಮನೆಯಲ್ಲಿ ಶಿವರಾಜ್ ಹಾರಾಡಿದ.

"ಮನೇಲಿ ಹೇಳ್ಬಹುದಿತ್ತು! ಊರವರ ಮುಂದೆ ಅಪ್ಪಾಜಿ ಮರ್ಯಾದೆ ತೆಗೀಬೇಕಿತ್ತಾ?"

"ಮನೇಲಿ ಹೇಳ್ತೀನಿ ಅಂದಿದ್ದು ಯಾರ್ರೀ?"

ಅವನು ಅಂಗಡಿಗೆ ಹೋದ.

ಗುರುಶಾಂತಪ್ಪ ಹಾರಾಡಲಿಲ್ಲ. ಸೊಸೆಯ ಜೊತೆ ಮಾತು ಬಿಟ್ಟರು. ಕಾಫಿ ಬೇಕಾದರೆ ಹೆಂಡತಿಗೆ ಹೇಳುತ್ತಿದ್ದರು, ಹೆಂಡತಿ ಸೊಸೆಗೆ ಹೇಳುತ್ತಿದ್ದರು, ಮೂವರೂ ಅದೇ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಾಗಲೂ. ಆದರೆ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಅವರ ಕೊಡೆ ತಪ್ಪದೆ ನಿಂತಿರುತ್ತಿತ್ತು. ದಿನದ ದಾರಿಯಲ್ಲೇ, ಮಗುವಿನ ಬ್ಯಾಗು ತಾವೇ ಹೊತ್ತು, ಮನೆಗೆ ಕರೆತರುತ್ತಿದ್ದರು. ಮುನಿಸು ಸೊಸೆಯ ಮೇಲಿತ್ತು, ಬ್ಯಾಗಿನ ಮೇಲಿರಲಿಲ್ಲ. ಇದನ್ನು ಜ್ಯೋತ್ಸ್ನಾ ಆಫೀಸಿನಿಂದ ದಿನಾ ಅತ್ತೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಿದ್ದಳು.

"ನೂರು ಜನದ ಮುಂದೆ" ಎಂದು ಗುರುಶಾಂತಪ್ಪ ಒಮ್ಮೆ ಹೆಂಡತಿಯ ಬಳಿ ಗೊಣಗಿದರಂತೆ.

"ನೂರೆಲ್ಲಿ? ಹತ್ತು ಹನ್ನೆರಡು ಜನ ಅಂತ ನೀವೇ ಹೇಳಿದ್ರಿ" ಎಂದರಂತೆ ಕಮಲಾದೇವಿ. ಉಪ್ಪಿನ ವಿಷಯ ಬಿಟ್ಟು ಅವರು ಎದುರಾಡಿದ್ದು ಅದೇ ಮೊದಲಿರಬೇಕು. ಆಮೇಲೆ ಅವರು ಬತ್ತಿಯ ಬಟ್ಟಲನ್ನು ದೇವರ ಮನೆಯಿಂದ ಹಾಲಿನ ಟೀಪಾಯಿಗೆ ತಂದಿಟ್ಟರು.

ಸೆಂಟರಿನಿಂದ ಮತ್ತೆ ಮೆಸೇಜ್ ಬಂತು. ಈ ಸಲ ಇಬ್ಬರ ಹೆಸರೂ ಇತ್ತು. ಜ್ಯೋತ್ಸ್ನಾ ಊಟದ ಮೇಜಿನಲ್ಲಿ, ಯಾರಿಗೆ ಎಂದಿಲ್ಲದೆ, ಗಟ್ಟಿಯಾಗಿ ಓದಿದಳು. "ಜ್ಯೋತ್ಸ್ನಾ ಅವರು ಮತ್ತು ಗುರುಶಾಂತಪ್ಪನವರು ದಯವಿಟ್ಟು ಬರಬೇಕು."

ಎಷ್ಟು ಗಂಟೆಗೆ ಎಂದು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಕಮಲಾದೇವಿಯ ಸೌಟಿನಿಂದ ಒಂದು ಹನಿ ಸಾರು ಮೇಘಾಳ ಮೊಸರನ್ನದ ಮೇಲೆ ಬಿತ್ತು.

ಮಗು ಆ ಹನಿಯನ್ನೇ ನೋಡಿತು. ಮರುಕ್ಷಣ ತಟ್ಟೆ ಗೋಡೆಗೆ ಬಡಿದಿತ್ತು, ಮೇಘಾ ನೆಲದ ಮೇಲಿದ್ದಳು. ಮಹಡಿಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿತು. ಕಮಲಾದೇವಿ ಅಭ್ಯಾಸಬಲದಿಂದ, "ಏಯ್, ದೇವರ ಮನೆ..." ಎಂದವರು ನಾಲಿಗೆ ಕಚ್ಚಿಕೊಂಡರು. ಶಿವರಾಜ್ ಅಪ್ಪನ ಮುಖ ನೋಡಿದ. ಎಲ್ಲರೂ ನೋಡಿದರು.

ಗುರುಶಾಂತಪ್ಪ ಎದ್ದರು. ಜ್ಯೋತ್ಸ್ನಾ ಕೂಡ ಎದ್ದು ಮಗಳಿಗೂ ಮಾವನಿಗೂ ನಡುವೆ ನಿಂತಳು. ಅವರು ಅವಳನ್ನು ಬಳಸಿಕೊಂಡು ಹೋಗಿ, ಸಿಂಕಿನಲ್ಲಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ತಾವೇ ದೇವರ ಮನೆಯ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಜ್ಯೋತ್ಸ್ನಾ ಅನ್ನ ಚೆಲ್ಲಿದ ನೆಲದ ಮೇಲೆ, ಮಗಳಿಂದ ಒಂದು ಮೊಳ ದೂರದಲ್ಲಿ ಕೂತಳು. ಮಾತಾಡಲಿಲ್ಲ, ಮುಟ್ಟಲಿಲ್ಲ. ಕಿರುಚಾಟ ಹತ್ತು ನಿಮಿಷಕ್ಕೆ ನಿಲ್ಲಲಿಲ್ಲ. ಬಹಳ ಹೊತ್ತು ಹಿಡಿಯಿತು. ಏರಿತು, ಇಳಿಯಿತು, ಮತ್ತೆ ಏರಿತು, ಕೊನೆಗೆ ಬಿಕ್ಕಳಿಕೆಯಾಯಿತು. ಬಾಡಿಗೆಯವರು ಒಮ್ಮೆ ಮೆಟ್ಟಿಲ ತನಕ ಬಂದು ಹಿಂದಿರುಗಿದರು. ಮೇಜಿನ ಮೇಲಿನ ಮುದ್ದೆ ಆರಿ ಗಟ್ಟಿಯಾಯಿತು.

ಮೇಘಾ ಎದ್ದು ಕೂತು ಮೂಗು ಒರೆಸಿಕೊಂಡಳು. ಖಾಲಿ ಕುರ್ಚಿ ನೋಡಿದಳು.

"ತಾತ ಎಲ್ಲಿ?"

"ದೇವರ ಮನೇಲಿ" ಎಂದರು ಕಮಲಾದೇವಿ.

"ಯಾಕೆ? ತಾತ ಏನ್ ತಪ್ಪು ಮಾಡಿದ್ರು?"

ಶಿವರಾಜ್ ತನ್ನ ತಟ್ಟೆಯನ್ನೇ ನೋಡುತ್ತಿದ್ದ.

ಮೇಘಾ ಟೀಪಾಯಿಯ ಬಳಿ ಹೋದಳು. ಬಟ್ಟಲಿನಿಂದ ಎರಡು ಹೂಬತ್ತಿ ಆರಿಸಿದಳು. ದೇವರ ಮನೆಯ ಮುಂದೆ ಮಂಡಿಯೂರಿ, ಬಾಗಿಲ ಕೆಳಗಿನ ಸಂದಿನಲ್ಲಿ ಎರಡನ್ನೂ ಅರ್ಧ ತೂರಿಸಿ, ಪಿಸುದನಿಯಲ್ಲಿ ಹೇಳಿದಳು.

"ತಾತ, ಇದನ್ನ ಹಾಕ್ಕೊಳ್ಳಿ. ಏನೂ ಕೇಳ್ಸಲ್ಲ."

ಸ್ವಲ್ಪ ಹೊತ್ತಿನ ಮೇಲೆ ಒಂದು ಬತ್ತಿ ನಿಧಾನವಾಗಿ ಒಳಕ್ಕೆ ಸರಿಯಿತು. ಆಮೇಲೆ ಇನ್ನೊಂದು.